ಗ್ರಾಮರ್ ಪುಸ್ತಕ ಮುಗಿದರೂ ಐಇಎಲ್‌ಟಿಎಸ್ ರೈಟಿಂಗ್ 6.5 ದಾಟುತ್ತಿಲ್ಲವೇ?

ಪ್ರಶ್ನೆ: ಕೆನಡಾದ ಕಾಯಂ ನಿವಾಸಕ್ಕೆ ಅರ್ಜಿ ಹಾಕುವ ಎಕ್ಸ್‌ಪ್ರೆಸ್ ಎಂಟ್ರಿಗಾಗಿ ಐಇಎಲ್‌ಟಿಎಸ್ ಜನರಲ್ ಟ್ರೇನಿಂಗ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದೆ. ಲಿಸನಿಂಗ್ 8, ರೀಡಿಂಗ್ 7.5, ಸ್ಪೀಕಿಂಗ್ 7 ಬಂದಿದೆ. ರೈಟಿಂಗ್ ಮಾತ್ರ ಎರಡೂ ಸಲ 6.5. ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ದಪ್ಪನೆಯ ಗ್ರಾಮರ್ ಪುಸ್ತಕವೊಂದನ್ನು ಪೂರ್ತಿ ಮಾಡಿ ಮುಗಿಸಿದ್ದೇನೆ, ಬಿಟ್ಟ ಸ್ಥಳ ತುಂಬುವುದರಲ್ಲಿ ತಪ್ಪುವುದು ಅಪರೂಪ. ಮುಂದಿನ ಪರೀಕ್ಷೆಗೆ ಎರಡು ತಿಂಗಳಿದೆ. ವ್ಯಾಕರಣವನ್ನು ಇನ್ನು ಹೇಗೆ ಅಭ್ಯಾಸ ಮಾಡಬೇಕು?

ಉತ್ತರ: ಕೆನಡಾದವರು ಭಾಷೆಯನ್ನು ಅಳೆಯುವ ಮಾಪನವಾದ ಸಿಎಲ್‌ಬಿಯಲ್ಲಿ 9ನೇ ಮಟ್ಟಕ್ಕೆ ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬೇಕು. ಹಾಗಾಗಿ ನಿಮಗೆ ಕೊರತೆ ಇರುವುದು ರೈಟಿಂಗ್‌ನಲ್ಲಿ ಅರ್ಧ ಬ್ಯಾಂಡ್, ಅಂದರೆ 0.5 ಅಂಕ ಮಾತ್ರ. ಆ ಅರ್ಧ ಬ್ಯಾಂಡಿಗಾಗಿ ಮತ್ತೊಂದು ಗ್ರಾಮರ್ ಪುಸ್ತಕ ಕೊಳ್ಳಬೇಡಿ. ಐಇಎಲ್‌ಟಿಎಸ್‌ನಲ್ಲಿ ವ್ಯಾಕರಣಕ್ಕೆ ಪ್ರತ್ಯೇಕ ಪ್ರಶ್ನೆಪತ್ರಿಕೆಯೇ ಇಲ್ಲ. ನೀವೇ ಕಟ್ಟಿದ ವಾಕ್ಯಗಳನ್ನು ನೋಡಿ ಅಂಕ ಕೊಡುತ್ತಾರೆ. ಬಿಟ್ಟ ಸ್ಥಳದ ಅಭ್ಯಾಸದಲ್ಲಿ ವಾಕ್ಯವನ್ನು ಬೇರೆಯವರು ಕಟ್ಟಿಕೊಟ್ಟಿರುತ್ತಾರೆ, ಎಡವುವ ಜಾಗ ಇಲ್ಲೇ ಇದೆ ಎಂದು ಗೆರೆ ಎಳೆದು ತೋರಿಸಿಯೂ ಇರುತ್ತಾರೆ. ಪ್ರಬಂಧ ಬರೆಯುವಾಗ ಆ ಗೆರೆ ಇರುವುದಿಲ್ಲ.

ಮೊದಲು ಅಂಕದ ಲೆಕ್ಕ. ರೈಟಿಂಗ್‌ಗೆ ನಾಲ್ಕು ಮಾನದಂಡಗಳು: ಪ್ರಶ್ನೆಗೆ ತಕ್ಕ ಉತ್ತರ, ವಿಚಾರಗಳ ಜೋಡಣೆ, ಪದಸಂಪತ್ತು, ವ್ಯಾಕರಣ. ನಾಲ್ಕಕ್ಕೂ ಸಮಪಾಲು. ಎರಡನೇ ಟಾಸ್ಕ್‌ಗೆ (ಪ್ರಬಂಧ) ಮೊದಲನೆಯದರ (ಪತ್ರ) ಎರಡರಷ್ಟು ತೂಕ. ವ್ಯಾಕರಣದ ಮಾನದಂಡದಲ್ಲಿ ಎರಡು ಭಾಗಗಳಿವೆ: ಎಷ್ಟು ಬಗೆಯ ವಾಕ್ಯರಚನೆ ಬಳಸುತ್ತೀರಿ, ಅವು ಎಷ್ಟು ಸರಿಯಾಗಿವೆ. ಸಾರ್ವಜನಿಕವಾಗಿ ಸಿಗುವ ಬ್ಯಾಂಡ್ ವಿವರಣೆಯ ಪ್ರಕಾರ ಸರಳ ಮತ್ತು ಸಂಕೀರ್ಣ ವಾಕ್ಯಗಳು ಬೆರೆತಿದ್ದು, ಸಂಕೀರ್ಣ ವಾಕ್ಯಕ್ಕೆ ಕೈ ಹಾಕಿದಾಗ ತಪ್ಪು ಹೆಚ್ಚಾದರೆ 6. ಸಂಕೀರ್ಣ ರಚನೆಗಳಲ್ಲಿ ವೈವಿಧ್ಯ ಇದ್ದು, ತಪ್ಪಿಲ್ಲದ ವಾಕ್ಯಗಳು ಪದೇ ಪದೇ ಕಾಣಿಸಿದರೆ 7. ಬಹುಪಾಲು ವಾಕ್ಯಗಳು ತಪ್ಪಿಲ್ಲದೆ ಇದ್ದರೆ 8. ಇಲ್ಲಿ ಅಳತೆಯ ಘಟಕ ವಾಕ್ಯ ಎಂಬುದನ್ನು ಗಮನಿಸಿ. ಒಂದೇ ವಾಕ್ಯದಲ್ಲಿ ಮೂರು ತಪ್ಪಿದ್ದರೆ ಕೆಡುವುದು ಒಂದು ವಾಕ್ಯ. ಮೂರು ವಾಕ್ಯಗಳಲ್ಲಿ ಒಂದೊಂದು ಆರ್ಟಿಕಲ್ ('ಎ', 'ಎನ್', 'ದ') ಬಿಟ್ಟುಹೋದರೆ ಮೂರು ವಾಕ್ಯ ಕೆಟ್ಟವು. ಕನ್ನಡದವರು 7ರ ಕೆಳಗೆ ಉಳಿಯಲು ದೊಡ್ಡ ತಪ್ಪುಗಳಿಗಿಂತ ಈ ಸಣ್ಣವೇ ಹೆಚ್ಚು ಕಾರಣ.

ಆದ್ದರಿಂದ ಮೊದಲ ವಾರ ಹೊಸದೇನನ್ನೂ ಕಲಿಯಬೇಡಿ. 40 ನಿಮಿಷ ಗಡಿಯಾರ ಇಟ್ಟು ಎರಡನೇ ಟಾಸ್ಕ್‌ನ ಮೂರು ಪ್ರಬಂಧ, 20 ನಿಮಿಷದಲ್ಲಿ ಮೊದಲನೇ ಟಾಸ್ಕ್‌ನ ಎರಡು ಪತ್ರ ಬರೆಯಿರಿ. ಕಂಪ್ಯೂಟರಿನಲ್ಲಿ ಬರೆಯುವುದಾದರೆ ಆಟೋ ಕರೆಕ್ಟ್ ಮತ್ತು ಸ್ಪೆಲಿಂಗ್ ಗುರುತು ಎರಡನ್ನೂ ಆಫ್ ಮಾಡಿ. ಪರೀಕ್ಷೆಯ ಪರದೆಯಲ್ಲಿ ಪದಗಳ ಲೆಕ್ಕ ಕಾಣುತ್ತದೆ, ಕೆಂಪು ಗೆರೆ ಕಾಣುವುದಿಲ್ಲ. ಒಂದು ದಿನ ಬಿಟ್ಟು ಇವನ್ನು ಇಂಗ್ಲಿಷ್ ಚೆನ್ನಾಗಿ ಬಲ್ಲವರ ಕೈಯಲ್ಲಿ ತಿದ್ದಿಸಿ. ತಿದ್ದುವವರಿಗೆ ಒಂದೇ ಮಾತು ಹೇಳಿ: ವಾಕ್ಯವನ್ನು ಚಂದ ಮಾಡಬೇಡಿ, ತಪ್ಪಿರುವ ಕಡೆ ಗೆರೆ ಮಾತ್ರ ಎಳೆಯಿರಿ. ಆ್ಯಪ್ ಬಳಸಿದರೂ ಇದೇ ಷರತ್ತು. ಇಡೀ ಪ್ಯಾರಾ ತಿರುಗಿಸಿ ಬರೆದುಕೊಟ್ಟರೆ ನಿಮ್ಮ ತಪ್ಪು ಯಾವುದು, ಅವರ ರುಚಿ ಯಾವುದು ಎಂದು ಗೊತ್ತಾಗುವುದಿಲ್ಲ. ಆಮೇಲೆ ಐದೂ ಬರಹಗಳ ಒಟ್ಟು ವಾಕ್ಯ ಎಣಿಸಿ, ಗೆರೆಯಿಲ್ಲದವು ಎಷ್ಟು ಎಂದು ನೋಡಿ. ಅರ್ಧಕ್ಕೂ ಕಡಿಮೆ ಇದ್ದರೆ ವ್ಯಾಕರಣವೇ ನಿಮ್ಮನ್ನು ಹಿಡಿದಿಟ್ಟಿದೆ ಎನ್ನಬಹುದು. ಮೂರನೇ ಎರಡರಷ್ಟು ಶುದ್ಧವಾಗಿದ್ದರೆ ತೊಂದರೆ ಬಹುಶಃ ಬೇರೆ ಕಡೆ ಇದೆ. ಪ್ರಶ್ನೆಯ ಒಂದು ಭಾಗಕ್ಕೆ ಉತ್ತರಿಸದೇ ಬಿಟ್ಟಿರಬಹುದು, ಪತ್ರಕ್ಕೆ ಪ್ರಶ್ನೆಯಲ್ಲೇ ಕೊಟ್ಟ ಮೂರು ಅಂಶಗಳಲ್ಲಿ ಒಂದನ್ನು ಅರ್ಧ ಸಾಲಿನಲ್ಲಿ ಮುಗಿಸಿರಬಹುದು. ಇದು ಅಧಿಕೃತ ಅಳತೆಯಲ್ಲ, ಆದರೆ ಎರಡು ತಿಂಗಳನ್ನು ಎಲ್ಲಿ ಹಾಕಬೇಕೆಂದು ತೀರ್ಮಾನಿಸಲು ಸಾಕು.

ಗೆರೆಗಳನ್ನು ಬಗೆಬಗೆಯಾಗಿ ವಿಂಗಡಿಸಿದರೆ ಇಪ್ಪತ್ತು ಬಗೆ ಸಿಗುವುದಿಲ್ಲ, ಐದಾರು ಸಿಗುತ್ತವೆ. ಕನ್ನಡ ಮಾತೃಭಾಷೆಯವರಲ್ಲಿ ಅವು ಯಾವುವು ಎಂದು ಮೊದಲೇ ಊಹಿಸಬಹುದು. ಕನ್ನಡದಲ್ಲಿ ಸರಿಯಾಗಿರುವುದನ್ನೇ ಇಂಗ್ಲಿಷಿಗೆ ಹೊತ್ತು ತಂದಾಗ ಆಗುವಂಥವೇ ಅವುಗಳಲ್ಲಿ ಹೆಚ್ಚು.

ಆರ್ಟಿಕಲ್‌ಗೆ ಹೆಚ್ಚು ಸಮಯ ಕೊಡಿ. ಪುಸ್ತಕಗಳಲ್ಲಿ ಇದಕ್ಕೆ ಹತ್ತಾರು ನಿಯಮಗಳಿದ್ದರೂ ಪ್ರಬಂಧಕ್ಕೆ ಬೇಕಾದದ್ದು ಮುಖ್ಯವಾಗಿ ಒಂದು: ಎಣಿಸಬಹುದಾದ ನಾಮಪದ ಏಕವಚನದಲ್ಲಿದ್ದರೆ ಬರಿಮೈಯಲ್ಲಿ ನಿಲ್ಲುವಂತಿಲ್ಲ. ಅದರ ಹಿಂದೆ 'ಎ', 'ದ', 'ಮೈ', 'ದಿಸ್', 'ಎವೆರಿ' ಇಂಥದ್ದೇನಾದರೂ ಇರಲೇಬೇಕು. 'ಸ್ಟೂಡೆಂಟ್ ನೀಡ್ಸ್ ಗುಡ್ ಟೀಚರ್' ಎಂಬಲ್ಲಿ ಎರಡು ಬರಿಮೈಗಳಿವೆ. 'ಎ ಸ್ಟೂಡೆಂಟ್ ನೀಡ್ಸ್ ಎ ಗುಡ್ ಟೀಚರ್' ಅನ್ನಿ, ಇಲ್ಲವೇ ಎರಡನ್ನೂ ಬಹುವಚನ ಮಾಡಿ. ಸಂದೇಹ ಬಂದಾಗ ಬಹುವಚನಕ್ಕೆ ತಿರುಗಿಸುವುದು ಒಳ್ಳೆಯ ಉಪಾಯ. ಸಾಮಾನ್ಯ ವಿಚಾರ ಹೇಳುವ ಪ್ರಬಂಧದಲ್ಲಿ ಬಹುವಚನವೇ ಹೆಚ್ಚು ಸಹಜ.

ಇದರ ವಿರುದ್ಧದ ತಪ್ಪು 'ದ' ಅನ್ನು ಎಲ್ಲ ಕಡೆ ಅಂಟಿಸುವುದು. 'ದ ಪೀಪಲ್ ಶುಡ್ ಸೇವ್ ದ ವಾಟರ್' ಎಂದರೆ ಯಾವುದೋ ನಿರ್ದಿಷ್ಟ ಜನ, ನಿರ್ದಿಷ್ಟ ನೀರು ಎಂದಾಗುತ್ತದೆ. ಕನ್ನಡದಲ್ಲೇ ಒಂದು ಸುಳಿವು ಇದೆ. 'ಪುಸ್ತಕ ಓದಿದೆ' ಎಂದರೆ ಯಾವುದೋ ಒಂದು ಪುಸ್ತಕ. 'ಪುಸ್ತಕವನ್ನು ಓದಿದೆ' ಎಂದರೆ ಕೇಳುವವರಿಗೆ ಗೊತ್ತಿರುವ ಪುಸ್ತಕ. ಮನಸ್ಸಿನಲ್ಲಿ 'ಅನ್ನು' ಬರುವ ಕಡೆ 'ದ' ಬರುವ ಸಂಭವ ಹೆಚ್ಚು. ಮನುಷ್ಯರ ವಿಷಯದಲ್ಲಿ ಈ ಸುಳಿವು ಕೈಕೊಡುತ್ತದೆ, ಏಕೆಂದರೆ ಅಲ್ಲಿ 'ಅನ್ನು' ಹೇಗೂ ಬರುತ್ತದೆ. ಇನ್ನು ಪ್ರಬಂಧಗಳಲ್ಲಿ ಮತ್ತೆ ಮತ್ತೆ ಬರುವ ಕೆಲವು ಪದಗಳನ್ನು ನಿಯಮದ ಗೊಡವೆಯಿಲ್ಲದೆ ಬಾಯಿಪಾಠ ಮಾಡಿಬಿಡಿ: 'ದ ಗವರ್ನಮೆಂಟ್', 'ದ ಎನ್ವಿರಾನ್‌ಮೆಂಟ್', 'ದ ಇಂಟರ್‌ನೆಟ್', 'ದ ಎಕಾನಮಿ'. ಸಾಮಾನ್ಯ ಅರ್ಥದಲ್ಲಿ 'ಸೊಸೈಟಿ', 'ನೇಚರ್', 'ಟೆಕ್ನಾಲಜಿ', 'ಎಜುಕೇಶನ್' ಇವಕ್ಕೆ 'ದ' ಇಲ್ಲ. 'ಕೆನಡಾ'ಗೂ ಇಲ್ಲ.

ಎಣಿಕೆಗೆ ಸಿಗದ ಪದಗಳ ಪಟ್ಟಿಯೂ ಹೀಗೇ ಬಾಯಿಗೆ ಬರಬೇಕು: 'ಇನ್‌ಫರ್ಮೇಶನ್', 'ಅಡ್ವೈಸ್', 'ಎಕ್ವಿಪ್‌ಮೆಂಟ್', 'ಫರ್ನಿಚರ್', 'ರಿಸರ್ಚ್', 'ನಾಲೆಡ್ಜ್', 'ಟ್ರಾಫಿಕ್', 'ಲಗೇಜ್', 'ಹೋಮ್‌ವರ್ಕ್'. ಇವಕ್ಕೆ 'ಎಸ್' ಹಚ್ಚಬಾರದು, ಹಿಂದೆ 'ಎನ್' ಅಥವಾ 'ಎ' ಇಡಬಾರದು. ಕೇಂಬ್ರಿಜ್‌ನ ಕಲಿಯುವವರ ನಿಘಂಟಿನಲ್ಲಿ ಪ್ರತಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಎಂಬ ಗುರುತಿರುತ್ತದೆ. ಹೊಸ ಪದ ಬರೆದುಕೊಳ್ಳುವಾಗ ಅರ್ಥದ ಜೊತೆ ಆ ಅಕ್ಷರವನ್ನೂ ಬರೆದುಕೊಳ್ಳಿ. ಕನ್ನಡದಲ್ಲಿ 'ಐದು ಪುಸ್ತಕ', 'ಹತ್ತು ದಿನ' ಎಂದರೆ ನಡೆಯುತ್ತದೆ, ಬಹುವಚನದ ಪ್ರತ್ಯಯ ಬೇಡ. ಅದೇ ಅಭ್ಯಾಸ ಇಂಗ್ಲಿಷಿನಲ್ಲಿ 'ಎಸ್' ನುಂಗುತ್ತದೆ. 'ಒನ್ ಆಫ್ ದ' ಆದ ಮೇಲೆ ಇದು ಇನ್ನೂ ಹೆಚ್ಚು. 'ಒನ್ ಆಫ್ ದ ಮೇನ್ ರೀಸನ್' ತಪ್ಪು, 'ರೀಸನ್ಸ್' ಆಗಬೇಕು. ಆದರೆ ಅದರ ಕ್ರಿಯಾಪದ 'ಈಸ್' ಆಗಬೇಕು, 'ಆರ್' ಅಲ್ಲ.

ಕಾಲಗಳಲ್ಲಿ ಹನ್ನೆರಡನ್ನೂ ಉಜ್ಜಬೇಕಿಲ್ಲ. ನಮಗೆ ತೊಡಕು ತರುವುದು ಮೂರು ಜಾಗ. 'ಎರಡು ವರ್ಷದಿಂದ ಈ ಮನೆಯಲ್ಲಿದ್ದೇನೆ' ಎಂಬುದು ನೇರವಾಗಿ ಇಳಿದು 'ಐ ಆಮ್ ಲಿವಿಂಗ್ ಇನ್ ದಿಸ್ ಹೌಸ್ ಫ್ರಮ್ ಟು ಇಯರ್ಸ್' ಆಗುತ್ತದೆ. ಸರಿಯಾದದ್ದು 'ಐ ಹ್ಯಾವ್ ಲಿವ್ಡ್ ಇನ್ ದಿಸ್ ಹೌಸ್ ಫಾರ್ ಟು ಇಯರ್ಸ್'. ಅವಧಿಗೆ 'ಫಾರ್', ಶುರುವಾದ ಬಿಂದುವಿಗೆ 'ಸಿನ್ಸ್'. ಎರಡನೆಯದು, ಕನ್ನಡದಲ್ಲಿ 'ಕಳೆದ ತಿಂಗಳು ನಿಮ್ಮ ಅಂಗಡಿಯಲ್ಲಿ ಮಿಕ್ಸಿ ತಗೊಂಡಿದ್ದೆ' ಎನ್ನುವುದು ಸಹಜ. ಅದರಿಂದ ದೂರು ಪತ್ರದ ಮೊದಲ ಸಾಲಿನಲ್ಲೇ 'ಐ ಹ್ಯಾಡ್ ಬಾಟ್' ಬಂದು ಕೂರುತ್ತದೆ. ಇಂಗ್ಲಿಷಿಗೆ 'ಹ್ಯಾಡ್ ಬಾಟ್' ಬೇಕಾಗುವುದು ಇನ್ನೊಂದು ಭೂತಕಾಲದ ಘಟನೆಗಿಂತ ಮೊದಲೇ ಅದು ನಡೆದಿತ್ತು ಎಂದು ತೋರಿಸಬೇಕಾದಾಗ. 'ಲಾಸ್ಟ್ ಮಂತ್' ಎಂದು ಸುಮ್ಮನೆ ಹೇಳುವಾಗ 'ಐ ಬಾಟ್' ಸಾಕು. ಮೂರನೆಯದು 'ನೋ', 'ಬಿಲೀವ್', 'ಹ್ಯಾವ್', 'ಬಿಲಾಂಗ್' ಇಂಥ ಸ್ಥಿತಿ ಹೇಳುವ ಕ್ರಿಯಾಪದಗಳಿಗೆ 'ಇಂಗ್' ಹಚ್ಚುವುದು: 'ಐ ಆಮ್ ಹ್ಯಾವಿಂಗ್ ಟು ಚಿಲ್ಡ್ರನ್'. ಬೆಂಗಳೂರಿನ ಆಫೀಸುಗಳಲ್ಲಿ ದಿನವೂ ಕೇಳುವುದರಿಂದ ಇದು ತಪ್ಪೆಂದೇ ಕಿವಿಗೆ ಅನಿಸುವುದಿಲ್ಲ, ಪರೀಕ್ಷಕರ ಕಿವಿಗೆ ಅನಿಸುತ್ತದೆ.

ಷರತ್ತಿನ ವಾಕ್ಯದ ಬಗ್ಗೆ ಇಷ್ಟೇ: 'ಬಂದರೆ', 'ಮಾಡಿದರೆ' ಎಂಬಲ್ಲಿ ಕನ್ನಡಕ್ಕೆ ಕಾಲದ ಚಿಂತೆಯಿಲ್ಲ, ಇಂಗ್ಲಿಷಿಗಿದೆ. 'ಇಫ್ ದ ಗವರ್ನಮೆಂಟ್ ವಿಲ್ ಇನ್ವೆಸ್ಟ್' ಬೇಡ, 'ಇಫ್ ದ ಗವರ್ನಮೆಂಟ್ ಇನ್ವೆಸ್ಟ್ಸ್' ಬೇಕು. 'ವಿಲ್' ಇನ್ನೊಂದು ಭಾಗಕ್ಕೆ ಹೋಗಲಿ.

ಈಗ 6 ಮತ್ತು 7ರ ನಡುವಿನ ನಿಜವಾದ ಗಡಿ, ಸಂಕೀರ್ಣ ವಾಕ್ಯ. ನೋಡಬೇಕಾದ ಮೊದಲ ರಚನೆ 'ವಿಚ್', 'ಹೂ', 'ವೇರ್' ಬರುವಂಥದು. ಕನ್ನಡದಲ್ಲಿ 'ಹುಟ್ಟಿದ ಊರು', 'ನಾನು ಮಾತಾಡಿದ ಮ್ಯಾನೇಜರ್', 'ಹಣ್ಣು ಹೆಚ್ಚಿದ ಚಾಕು' ಎನ್ನುತ್ತೇವೆ. ಊರಲ್ಲಿ ಹುಟ್ಟಿದ್ದು, ಮ್ಯಾನೇಜರ್ ಜೊತೆ ಮಾತಾಡಿದ್ದು, ಚಾಕುವಿನಿಂದ ಹೆಚ್ಚಿದ್ದು. ಆದರೆ ಆ 'ಅಲ್ಲಿ', 'ಜೊತೆ', 'ಇಂದ' ಯಾವುದನ್ನೂ ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಇಂಗ್ಲಿಷ್ ಹೇಳಲೇಬೇಕು. 'ದ ಟೌನ್ ವಿಚ್ ಐ ವಾಸ್ ಬಾರ್ನ್' ಎಂದು ಬರೆದಾಗ ಒಂದು 'ಇನ್' ಕಳೆದುಹೋಗಿದೆ. 'ದ ಟೌನ್ ಇನ್ ವಿಚ್' ಅಥವಾ 'ದ ಟೌನ್ ವೇರ್' ಆಗಬೇಕು. ಪರೀಕ್ಷಿಸುವ ಬಗೆ ಸುಲಭ. ಆ ತುಂಡನ್ನು ಬಿಡಿ ವಾಕ್ಯ ಮಾಡಿ ನೋಡಿ: 'ಐ ವಾಸ್ ಬಾರ್ನ್ ಇನ್ ದ ಟೌನ್'. ಅಲ್ಲಿ 'ಇನ್' ಇದ್ದರೆ ಜೋಡಿಸಿದ ವಾಕ್ಯದಲ್ಲೂ ಅದು ಎಲ್ಲಾದರೂ ಕಾಣಬೇಕು, ಇಲ್ಲವೇ 'ವೇರ್' ಅದರ ಜಾಗ ತುಂಬಬೇಕು. ದಿನಕ್ಕೆ ಆರು ವಾಕ್ಯದಂತೆ ಒಂದು ವಾರ ಮಾಡಿದರೆ ಕೈ ಪಳಗುತ್ತದೆ.

ಎರಡನೆಯದು ಪ್ರಶ್ನೆಯನ್ನು ವಾಕ್ಯದೊಳಗೆ ಇಡುವುದು. ಜನರಲ್ ಟ್ರೇನಿಂಗ್‌ನ ಪತ್ರದಲ್ಲಿ ಇದು ಬೇಕೇ ಬೇಕಾಗುತ್ತದೆ. ಕನ್ನಡದಲ್ಲಿ ಪ್ರಶ್ನೆಯನ್ನು ಹಾಗೇ ಇಟ್ಟು 'ಎಂದು' ಅಥವಾ 'ಅಂತ' ಸೇರಿಸಿದರೆ ಮುಗಿಯಿತು: 'ರಿಪೇರಿ ಯಾವಾಗ ಆಗುತ್ತದೆ ಎಂದು ತಿಳಿಸಿ'. ಇಂಗ್ಲಿಷಿನಲ್ಲಿ ಪದಗಳ ಕ್ರಮವೇ ಬದಲಾಗುತ್ತದೆ. 'ಕುಡ್ ಯು ಟೆಲ್ ಮಿ ವೆನ್ ವಿಲ್ ದ ವರ್ಕ್ ಸ್ಟಾರ್ಟ್' ಅಲ್ಲ, 'ವೆನ್ ದ ವರ್ಕ್ ವಿಲ್ ಸ್ಟಾರ್ಟ್'.

ಮೂರನೆಯದು ಅಲ್ಪವಿರಾಮ. ವಿರಾಮಚಿಹ್ನೆಗಳೂ ವ್ಯಾಕರಣದ ಮಾನದಂಡದಲ್ಲೇ ಬರುತ್ತವೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. 'ಬಾಡಿಗೆ ಏರಿದೆ, ಜನ ಹೊರವಲಯಕ್ಕೆ ಹೋಗುತ್ತಿದ್ದಾರೆ' ಎಂಬ ಸಾಲು ಕನ್ನಡದಲ್ಲಿ ಸರಿ. ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಜೋಡಿಸಿದರೆ ಇಂಗ್ಲಿಷಿನಲ್ಲಿ ತಪ್ಪು. 'ಹೌಎವರ್', 'ದೇರ್‌ಫೋರ್' ಇವುಗಳ ಹಿಂದೆ ಅಲ್ಪವಿರಾಮ ಹಾಕಿ ಎರಡು ವಾಕ್ಯ ಹೊಲಿಯುವುದೂ ಅದೇ ತಪ್ಪು. ಅಲ್ಲಿ ಪೂರ್ಣವಿರಾಮ ಹಾಕಿ ಹೊಸ ವಾಕ್ಯ ಶುರುಮಾಡಿ. ಇದಕ್ಕೆ ಎದುರಾದ ತಪ್ಪು ತುಂಡು ವಾಕ್ಯ. ಕನ್ನಡದ 'ಏಕೆಂದರೆ' ಹೊಸ ವಾಕ್ಯ ಆರಂಭಿಸಬಲ್ಲದು. 'ಬಿಕಾಸ್' ತುಂಡು ಹಾಗೆ ಒಂಟಿಯಾಗಿ ನಿಲ್ಲಲಾರದು. 'ಬಿಕಾಸ್ ರೆಂಟ್ಸ್ ಆರ್ ಹೈ' ಎಂದಷ್ಟೇ ಬರೆದು ಪೂರ್ಣವಿರಾಮ ಇಟ್ಟರೆ ವಾಕ್ಯ ಅರ್ಧಕ್ಕೆ ನಿಂತಿತು, ಅದು ಹಿಂದಿನ ವಾಕ್ಯಕ್ಕೆ ಸೇರಬೇಕು. 'ಫಾರ್ ಎಗ್ಸಾಂಪಲ್' ಆದ ಮೇಲೆ ಕ್ರಿಯಾಪದವಿಲ್ಲದೆ ನಾಲ್ಕು ಹೆಸರು ಬರೆದು ನಿಲ್ಲಿಸುವುದೂ ಇದೇ ಜಾತಿಯದು. 'ಆಲ್‌ದೋ' ಇದ್ದಲ್ಲಿ 'ಬಟ್' ಬೇಡ, ಎರಡರಲ್ಲಿ ಒಂದು.

ಇಷ್ಟರ ಜೊತೆಗೆ 'ಇನ್ ಮೈ ಸಿಟಿ ಮೆನಿ ಪಾರ್ಕ್ಸ್ ಆರ್ ದೇರ್' ಎಂಬಂಥ ಸಾಲುಗಳನ್ನು 'ದೇರ್ ಆರ್ ಮೆನಿ ಪಾರ್ಕ್ಸ್' ಎಂದು ತಿರುಗಿಸುವುದು, 'ಡಿಸ್ಕಸ್ ಅಬೌಟ್', 'ಆನ್ಸರ್ಡ್ ಟು ದ ಕ್ವೆಶ್ಚನ್' ಇವುಗಳಿಂದ ಹೆಚ್ಚುವರಿ ಪದ ಕಿತ್ತುಹಾಕುವುದು, 'ಟುಡೇ ಇಟ್‌ಸೆಲ್ಫ್', 'ದೇರ್ ಓನ್ಲಿ' ಇವನ್ನು ಬಿಡುವುದು. ಕನ್ನಡದ 'ಬಗ್ಗೆ', 'ಗೆ', 'ಏ' ಅಲ್ಲಿ ಇಣುಕುತ್ತಿರುತ್ತವೆ. ಇವಕ್ಕೆಲ್ಲ ಒಂದು ಸಂಜೆ ಸಾಕು.

ಅಭ್ಯಾಸದ ಕ್ರಮಕ್ಕೆ ಬರೋಣ. ಒಂದು ನೋಟ್‌ಬುಕ್ ಇಡಿ. ಪ್ರತಿ ತಪ್ಪಿಗೂ ನಾಲ್ಕು ಸಾಲು: ನೀವು ಬರೆದದ್ದು, ಸರಿಯಾದದ್ದು, ಯಾಕೆ ಎಂದು ಕನ್ನಡದಲ್ಲಿ ಒಂದು ಸಾಲು, ಬೇರೆ ವಿಷಯದ ಮೇಲೆ ಅದೇ ರಚನೆಯಲ್ಲಿ ನಿಮ್ಮದೇ ಹೊಸ ವಾಕ್ಯ. ಈ ನಾಲ್ಕನೇ ಸಾಲನ್ನು ತಪ್ಪಿಸಬೇಡಿ, ಮೊದಲ ಮೂರರ ಪ್ರಯೋಜನ ಇರುವುದೇ ಅದರಲ್ಲಿ. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ತಪ್ಪು ವಾಕ್ಯವನ್ನಷ್ಟೇ ನೋಡಿ, ಉತ್ತರ ಮುಚ್ಚಿಟ್ಟು ತಿದ್ದಿ. ಮೂರೂ ಸಲ ಸರಿಯಾದರೆ ಹೊಡೆದುಹಾಕಿ.

ಎರಡರಿಂದ ಐದನೇ ವಾರದವರೆಗೆ ವಾರಕ್ಕೆ ಒಂದೇ ಬಗೆಯ ತಪ್ಪಿನ ಮೇಲೆ ಗಮನ. ನಿಮ್ಮ ವಿಂಗಡಣೆಯಲ್ಲಿ ಯಾವುದು ಹೆಚ್ಚಿದೆಯೋ ಅದು ಮೊದಲು. ದಿನಕ್ಕೆ 45 ನಿಮಿಷ ಸಾಕು: 10 ನಿಮಿಷ ಹಳೆಯ ತಪ್ಪುಗಳ ಪುನರಾವರ್ತನೆ, 25 ನಿಮಿಷ ಪ್ರಬಂಧದ ಒಂದೇ ಪ್ಯಾರಾ, 10 ನಿಮಿಷ ಅದರಲ್ಲಿ ಆ ವಾರದ ತಪ್ಪನ್ನು ಮಾತ್ರ ಹುಡುಕುವುದು. ಆರ್ಟಿಕಲ್ ವಾರದಲ್ಲಿ ಪ್ರತಿ ನಾಮಪದದ ಕೆಳಗೆ ಗೆರೆ ಎಳೆದು, ಎಣಿಸಬಹುದೇ, ಏಕವಚನವೇ, ಯಾವುದೆಂದು ಓದುವವರಿಗೆ ಗೊತ್ತೇ ಎಂದು ಮೂರು ಪ್ರಶ್ನೆ ಕೇಳಿಕೊಳ್ಳಿ. ಎಲ್ಲ ತಪ್ಪನ್ನೂ ಒಟ್ಟಿಗೆ ಬೆನ್ನಟ್ಟಿದರೆ ಯಾವುದೂ ಕೈಗೆ ಸಿಗುವುದಿಲ್ಲ. ವಾರಕ್ಕೊಂದು ಪೂರ್ಣ ಪ್ರಬಂಧ ಗಡಿಯಾರ ಇಟ್ಟು ಬರೆಯುವುದು ನಿಲ್ಲದಿರಲಿ.

ಆರನೇ ವಾರದಿಂದ ಪೂರ್ಣ ಪರೀಕ್ಷೆಯ ವೇಗ. 40 ನಿಮಿಷದಲ್ಲಿ 5 ಯೋಜನೆಗೆ, 30 ಬರವಣಿಗೆಗೆ, 5 ಪರಿಶೀಲನೆಗೆ. ಎರಡನೇ ಟಾಸ್ಕ್‌ಗೆ ಕನಿಷ್ಠ 250 ಪದ ಬೇಕು, 270ರಿಂದ 290 ಸಾಕು. 350 ಬರೆದರೆ ತಪ್ಪಿಗೆ ಜಾಗ ಹೆಚ್ಚಾಗುತ್ತದೆ, ಪರಿಶೀಲನೆಯ ಐದು ನಿಮಿಷವೂ ಹೋಗುತ್ತದೆ. ಆ ಐದು ನಿಮಿಷವನ್ನು ಮೇಲಿಂದ ಕೆಳಗೆ ಓದುತ್ತ ಕಳೆಯಬೇಡಿ. ಹಾಗೆ ಓದಿದರೆ ಮನಸ್ಸು ಅರ್ಥದ ಹಿಂದೆ ಓಡುತ್ತದೆ, ಬಿಟ್ಟುಹೋದ 'ಎ' ಕಣ್ಣಿಗೆ ಬೀಳುವುದಿಲ್ಲ. ಕೊನೆಯ ವಾಕ್ಯದಿಂದ ಹಿಂದಕ್ಕೆ, ಒಂದೊಂದೇ ವಾಕ್ಯವಾಗಿ ಬನ್ನಿ. ಪ್ರತಿ ವಾಕ್ಯದಲ್ಲಿ ಮೊದಲು ಕರ್ತೃ ಮತ್ತು ಕ್ರಿಯಾಪದ ಹೊಂದುತ್ತವೆಯೇ ನೋಡಿ. ಎರಡರ ನಡುವೆ ಆರೇಳು ಪದ ಬಂದಾಗಲೇ 'ದ ನಂಬರ್ ಆಫ್ ಪೀಪಲ್ ಹೂ ಲಿವ್ ಇನ್ ಸಿಟೀಸ್ ಹ್ಯಾವ್' ಎಂಬಂಥ ತಪ್ಪಾಗುವುದು, ಅಲ್ಲಿ 'ಹ್ಯಾಸ್' ಬೇಕು. ಆಮೇಲೆ ಬರಿಮೈ ನಾಮಪದ, ಆಮೇಲೆ ಅಲ್ಪವಿರಾಮ. ನಾಲ್ಕನೆಯದಕ್ಕೆ ಸಮಯ ಸಿಗುವುದಿಲ್ಲ.

ಬಾಯಿಪಾಠ ಮಾಡಿದ ಉದ್ದನೆಯ ಸಾಲುಗಳ ಬಗ್ಗೆ ಒಂದು ಎಚ್ಚರಿಕೆ. ಕೋಚಿಂಗ್ ನೋಟ್ಸ್‌ಗಳಲ್ಲಿ ಬರುವ 'ಇಟ್ ಈಸ್ ಆನ್ ಇರ್‌ರೆಫ್ಯೂಟಬಲ್ ಫ್ಯಾಕ್ಟ್ ದಟ್' ಥರದವು ವ್ಯಾಕರಣದ ಅಂಕ ಹೆಚ್ಚಿಸುವುದಿಲ್ಲ. ಅದರ ಪಕ್ಕದಲ್ಲೇ 'ಪೀಪಲ್ಸ್ ಆರ್ ಥಿಂಕ್' ಎಂದಿದ್ದರೆ ಯಾವುದು ನಿಮ್ಮದು, ಯಾವುದು ಎರವಲು ಎಂದು ಪರೀಕ್ಷಕರಿಗೆ ಮೊದಲ ಓದಿನಲ್ಲೇ ತಿಳಿಯುತ್ತದೆ. ಅವುಗಳ ಬದಲು ಮೇಲೆ ಹೇಳಿದ ರಚನೆಗಳಲ್ಲಿ ಐದನ್ನು ಆರಿಸಿ, ಪ್ರತಿ ಪ್ರಬಂಧದಲ್ಲೂ ಐದನ್ನೂ ತಪ್ಪಿಲ್ಲದೆ ಬಳಸುವ ಅಭ್ಯಾಸ ಮಾಡಿ. ಪ್ರತಿ ವಾಕ್ಯವೂ ಸಂಕೀರ್ಣವಾಗಬೇಕಿಲ್ಲ. ಎರಡು ಉದ್ದದ ವಾಕ್ಯಗಳ ನಡುವೆ ಎಂಟು ಪದಗಳ ಒಂದು ಸರಳ ವಾಕ್ಯ ಇದ್ದರೆ ಓದಲೂ ಚೆನ್ನ, ಶುದ್ಧ ವಾಕ್ಯಗಳ ಲೆಕ್ಕಕ್ಕೂ ಒಂದು ಸೇರುತ್ತದೆ.

ಪತ್ರದಲ್ಲಿ 'ಐ'ಮ್', 'ಡೋಂಟ್' ಇಂಥ ಕುಗ್ಗಿಸಿದ ರೂಪಗಳು ಗೆಳೆಯರಿಗೆ ಬರೆಯುವಾಗ ಸರಿ, ಕಚೇರಿಗೆ ಬರೆಯುವಾಗ ಬೇಡ. ಬ್ರಿಟಿಷ್, ಅಮೆರಿಕನ್ ಸ್ಪೆಲಿಂಗ್ ಎರಡನ್ನೂ ಒಪ್ಪುತ್ತಾರೆ, ಒಂದೇ ಬರಹದಲ್ಲಿ ಬೆರೆಸದಿರುವುದು ಒಳ್ಳೆಯದು.

ಪರೀಕ್ಷೆಯನ್ನು ಪೂರ್ತಿ ಮತ್ತೆ ಬರೆಯುವುದಾದರೆ ಬೇರೆ ಭಾಗಗಳಲ್ಲೂ ಇದೇ ವ್ಯಾಕರಣ ಕೆಲಸಕ್ಕೆ ಬರುತ್ತದೆ. ಸ್ಪೀಕಿಂಗ್‌ನ ಎರಡನೇ ಭಾಗದಂತೆ ಎರಡು ನಿಮಿಷ ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕೇಳಿದ್ದನ್ನು ಪದಕ್ಕೆ ಪದ ಬರೆದು ತಿದ್ದಿ. ಹಳೆಯ ಘಟನೆ ಹೇಳುತ್ತ ನಡುವೆ ವರ್ತಮಾನಕ್ಕೆ ಜಾರುವುದು ಬರೆದಾಗಲೇ ಕಣ್ಣಿಗೆ ಬೀಳುತ್ತದೆ. ಲಿಸನಿಂಗ್‌ನಲ್ಲಿ ನಿಮ್ಮದು ಸರಿಯಾಗಿ 8, ಅಲ್ಲಿ ಜಾರಲು ಜಾಗವಿಲ್ಲ. ಖಾಲಿ ಜಾಗದ ಹಿಂದೆ 'ಎ' ಇದೆಯೇ, 'ಮೆನಿ' ಇದೆಯೇ ಎಂದು ಆಡಿಯೋ ಶುರುವಾಗುವ ಮುಂಚೆ ನೋಡಿಟ್ಟುಕೊಳ್ಳಿ. 'ಟಿಕೆಟ್ಸ್' ಬೇಕಾದಲ್ಲಿ 'ಟಿಕೆಟ್' ಬರೆದರೆ, ಎರಡೇ ಪದ ಎಂದಿದ್ದಲ್ಲಿ 'ದ' ಸೇರಿಸಿ ಮೂರು ಮಾಡಿದರೆ ಆ ಉತ್ತರಕ್ಕೆ ಅಂಕವಿಲ್ಲ.